ಪಿಕಪ್ ನಮ್ಮದು, ಸ್ಟೇರಿಂಗ್ ಡ್ರೈವರನ ಕೈಯಲ್ಲಿ: ತೋಟದ ಗಾಡಿಯ ಇನ್ಶೂರೆನ್ಸ್ ಪಾಠ

ಅಡಿಕೆಗೆ ಮದ್ದು ಬಿಡುವ ಸಮಯ ಹತ್ತಿರ ಬಂತು. ಮೈಲುತುತ್ತು ಎಷ್ಟು, ಸುಣ್ಣ ಎಷ್ಟು ಎಂದು ಎಲ್ಲರೂ ಕೇಳ್ತಾರೆ. ಮದ್ದು ಬಿಡುವವರನ್ನು ತೋಟಕ್ಕೆ ಹೇಗೆ ಕರೆದುಕೊಂಡು ಬರ್ತೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಈ ವಾರ ಅದೇ ವಿಷಯ. ಇದು ನಾನು ದುಡ್ಡು ಕೊಟ್ಟು ಕಲಿತ ಪಾಠ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಮ್ಮದು ಬಂಟ್ವಾಳ ತಾಲೂಕಿನ ವಗ್ಗದ ಹತ್ತಿರ ಅಡಿಕೆ ತೋಟ. ಜೊತೆಗೆ ಗೊಬ್ಬರ ಮತ್ತು ಅಡಿಕೆ ಸಸಿಯ ಸಣ್ಣ ವ್ಯಾಪಾರ ಉಂಟು. ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ಕಡೆಗೆ ಲೋಡ್ ಹೋಗ್ತದೆ. ಒಂದು ಪಿಕಪ್, ಒಂದು ಟ್ರ್ಯಾಕ್ಟರ್, ಅದಕ್ಕೊಂದು ಟ್ರೈಲರ್, ಸಂಬಳಕ್ಕೆ ಇಬ್ಬರು ಡ್ರೈವರ್‌ಗಳು. ಇದನ್ನು ಕಂಪೆನಿ ಅಂತ ಯಾರೂ ಕರೆಯುವುದಿಲ್ಲ. ಆದರೆ ಸಂಬಳ ಕೊಟ್ಟು ಒಬ್ಬನನ್ನು ಸ್ಟೇರಿಂಗ್ ಹಿಂದೆ ಕೂರಿಸಿದ ದಿನದಿಂದಲೇ ಕಾನೂನಿನ ಕಣ್ಣಿಗೆ ನಾವು ಮಾಲಿಕರು. ನಮ್ಮ ಕೆಲಸದ ಮೇಲೆ ಹೋದಾಗ ಅವನು ಮಾಡಿದ ತಪ್ಪಿನ ನಷ್ಟಕ್ಕೆ ನಾವೂ ಹೊಣೆ.

ಮೂರು ವರ್ಷದ ಹಿಂದೆ ಆದದ್ದು

ಜೂನ್ ತಿಂಗಳು. ಮದ್ದು ಬಿಡುವ ಮೂವರು ನಮ್ಮ ತೋಟದ ಕೆಲಸ ಮುಗಿಸಿ ಮಡಂತ್ಯಾರು ಕಡೆಯ ಇನ್ನೊಬ್ಬರ ತೋಟಕ್ಕೆ ಹೊರಟಿದ್ದರು. ನಮ್ಮ ಪಿಕಪ್ ಗೊಬ್ಬರ ತುಂಬಿ ಗುರುವಾಯನಕೆರೆಗೆ ಹೋಗಲಿಕ್ಕಿತ್ತು. "ಹತ್ತಿ ಮಾರಾಯ್ರೇ, ದಾರಿಯಲ್ಲೇ ಅಲ್ವಾ" ಎಂದವನು ನಾನೇ. ಡ್ರೈವರ್ ಹೇಳಿದ್ದ: "ಅಣ್ಣಾ, ಹಿಂದೆ ಲೋಡ್ ಉಂಟು, ಜನ ಬೇಡ." ಹತ್ತು ನಿಮಿಷದ ದಾರಿ, ಏನೂ ಆಗುವುದಿಲ್ಲ ಎಂದು ನಾನೇ ಒತ್ತಾಯ ಮಾಡಿದೆ. ಅವರು ಬ್ಯಾರಲ್, ಪಂಪು, ದೋಟಿ ಸಮೇತ ಗೊಬ್ಬರದ ಚೀಲದ ಮೇಲೆ ಕೂತರು.

ಪುಂಜಾಲಕಟ್ಟೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಅಡ್ಡ ರಸ್ತೆಯಿಂದ ಬೈಕ್ ಬಂತು. ಒಳ್ಳೆ ಮಳೆ. ಬ್ರೇಕ್ ಹಾಕಿದಾಗ ಗಾಡಿ ಜಾರಿ ಚರಂಡಿಗೆ ವಾಲಿತು. ಬೈಕಿನವನಿಗೆ ಏನೂ ಆಗಲಿಲ್ಲ. ಹಿಂದೆ ಇದ್ದ ಇಬ್ಬರಿಗೆ ತರಚು ಗಾಯ. ಮೂರನೆಯವನ ಕಾಲು ಬ್ಯಾರಲ್ ಅಡಿಗೆ ಸಿಕ್ಕಿ ಮೂಳೆ ಮುರಿಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ರಾಡ್ ಹಾಕಿದರು. ಬಿಲ್ಲು ಒಂದು ಲಕ್ಷ ಎಂಬತ್ತು ಸಾವಿರ.

ನನಗೆ ಧೈರ್ಯ ಇತ್ತು. ಫುಲ್ ಇನ್ಶೂರೆನ್ಸ್ ಉಂಟಲ್ಲ! ಆದರೆ ಇನ್ಶೂರೆನ್ಸ್‌ನವರು ಕೇಳಿದ ಮೊದಲ ಪ್ರಶ್ನೆಯೇ, ಹಿಂದೆ ಇದ್ದವರು ಯಾರು ಎಂದು. ನಮ್ಮ ಗಾಡಿಯ ಕೆಲಸದವರಲ್ಲ, ಗೊಬ್ಬರ ಅವರದ್ದಲ್ಲ, ಬಾಡಿಗೆ ಕೊಟ್ಟವರೂ ಅಲ್ಲ. ಸರಕು ಗಾಡಿಯಲ್ಲಿ ಪುಕ್ಕಟೆ ಪ್ರಯಾಣಿಕರು. ಅವರ ಗಾಯಕ್ಕೆ ಪಾಲಿಸಿಯಲ್ಲಿ ಒಂದು ರೂಪಾಯಿಯೂ ಇಲ್ಲ.

ಆಗ ಪರಿಚಯದವರೊಬ್ಬರು ಉಪಾಯ ಹೇಳಿದರು. "ಹಿಂದೆ ಜನ ಇದ್ದರು ಎಂದು ಹೇಳಬೇಡಿ. ರಸ್ತೆ ಬದಿ ನಡೆದು ಹೋಗುವವನಿಗೆ ತಾಗಿತು ಎಂದು ಬರೆಸಿ. ಥರ್ಡ್ ಪಾರ್ಟಿಯಲ್ಲಿ ಸಿಗ್ತದೆ." ನಿಜ ಹೇಳ್ತೇನೆ, ಒಂದು ರಾತ್ರಿ ನಾನು ಆಲೋಚನೆ ಮಾಡಿದ್ದು ಹೌದು. ಬೆಳಿಗ್ಗೆ ಡ್ರೈವರ್ ಬಂದು ಕೇಳಿದ: "ಅಣ್ಣಾ, ಹಾಗೆ ಬರೆದರೆ ನಡೆದು ಹೋಗುವವನಿಗೆ ಗುದ್ದಿದವ ನಾನಾಗ್ತೇನೆ ಅಲ್ವಾ? ಕೇಸು ಯಾರ ಮೇಲೆ?" ನನಗೆ ಉತ್ತರ ಬರಲಿಲ್ಲ. ನನ್ನ ದುಡ್ಡು ಉಳಿಸಲಿಕ್ಕೆ, ಬೇಡ ಎಂದು ಹೇಳಿದವನನ್ನೇ ಆರೋಪಿ ಮಾಡಲಿಕ್ಕೆ ಹೊರಟಿದ್ದೆ. ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಟ್ಟೆವು. ಆಸ್ಪತ್ರೆಯ ಬಿಲ್ಲು ನಾನೇ ಕೊಟ್ಟೆ, ಅವನು ನಡೆದಾಡುವ ತನಕ ಮನೆಖರ್ಚಿಗೂ ಕೊಟ್ಟೆ. ಟ್ರಿಬ್ಯೂನಲ್‌ಗೆ ಹೋದರೂ ಕೊನೆಗೆ ಕೊಡಬೇಕಾದವ ನೀವೇ ಎಂದು ವಕೀಲರು ಮೊದಲೇ ಹೇಳಿದ್ದರು.

ಆಮೇಲೆ ನಾನು ಮನೆಯಲ್ಲಿದ್ದ ಎಲ್ಲಾ ಪಾಲಿಸಿ ತೆಗೆದು ಕೂತು ಓದಿದೆ. ಅದರಿಂದ ತಿಳಿದದ್ದು ಇಷ್ಟು.

1. "ಫುಲ್ ಇನ್ಶೂರೆನ್ಸ್" ಎಂಬುದು ಪೂರ್ತಿ ಅಲ್ಲ

ಪಾಲಿಸಿಯಲ್ಲಿ ಮೂರು ಭಾಗ ಉಂಟು ಎಂದು ತಿಳಿದುಕೊಳ್ಳಿ.

ಮೊದಲನೆಯದು ಥರ್ಡ್ ಪಾರ್ಟಿ. ನಮ್ಮ ಗಾಡಿಯಿಂದ ಹೊರಗಿನವರಿಗೆ ಆದ ನಷ್ಟಕ್ಕೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಇದು ಕಡ್ಡಾಯ. ಇಲ್ಲದೆ ಗಾಡಿ ರಸ್ತೆಗೆ ಇಳಿಸಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸಾವು-ಗಾಯಕ್ಕೆ ಇದರಲ್ಲಿ ಮಿತಿ ಇಲ್ಲ, ಟ್ರಿಬ್ಯೂನಲ್ ಹೇಳಿದಷ್ಟು. ಇದರ ದರ ಸರಕಾರವೇ ನಿಗದಿ ಮಾಡುವುದು. 2022ರ ಜೂನ್ 1ರಿಂದ ಬಂದ ಪಟ್ಟಿಯಲ್ಲಿ 7,500 ಕೆಜಿ ಒಳಗಿನ ಸರಕು ಗಾಡಿಗೆ 16,049 ರೂಪಾಯಿ ಇತ್ತು, ಅದರ ಮೇಲೆ ತೆರಿಗೆ. ಯಾವ ಕಂಪೆನಿಗೆ ಹೋದರೂ ಈ ಭಾಗದಲ್ಲಿ ಚರ್ಚೆ ಮಾಡಿ ಪ್ರಯೋಜನ ಇಲ್ಲ.

ಎರಡನೆಯದು ನಮ್ಮ ಗಾಡಿಯ ರಿಪೇರಿಗೆ. ಇದು ನಮ್ಮ ಇಷ್ಟ, ದರವೂ ಕಂಪೆನಿಯಿಂದ ಕಂಪೆನಿಗೆ ಬೇರೆ. ನನಗೆ ಬಿಲ್ಲು 62,000 ಆದದ್ದರಲ್ಲಿ ಕೈಗೆ ಬಂದದ್ದು 41,000. ಯಾಕೆಂದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಕಳೆಯುತ್ತಾರೆ. ಸರಕು ಗಾಡಿಯ ಹೆಡ್‌ಲೈಟ್, ಬಂಪರ್, ಮಡ್‌ಗಾರ್ಡ್, ಬಾನೆಟ್‌ನ ಪಕ್ಕದ ಭಾಗ, ಪೇಂಟ್ ಇವೆಲ್ಲ ಸಾಮಾನ್ಯ ಪಾಲಿಸಿಯಲ್ಲಿ ಸೇರುವುದಿಲ್ಲ. ಐಎಂಟಿ 23 ಎಂಬ ಕಲಮು ಸೇರಿಸಿ ಸ್ವಲ್ಪ ಹೆಚ್ಚು ಕಟ್ಟಬೇಕು. ನನ್ನ ಪಾಲಿಸಿಯಲ್ಲಿ ಅದು ಇರಲಿಲ್ಲ. ಸಣ್ಣ ತಾಗುವಿಕೆಯಲ್ಲಿ ಮೊದಲು ಹೋಗುವುದು ಇವೇ ಅಲ್ವಾ?

ಜನ ಹೆಚ್ಚಿದ್ದರು ಎಂದು ರಿಪೇರಿ ಹಣವೂ ಹೋಗ್ತದಾ ಎಂದು ಹೆದರಿದ್ದೆ. ಹೋಗಲಿಲ್ಲ. ಹಾಸನದ ಒಂದು ಸರಕು ಗಾಡಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ: ಮಿತಿಗಿಂತ ಹೆಚ್ಚು ಜನ ಇದ್ದದ್ದು ಅಪಘಾತಕ್ಕೆ ಕಾರಣವಲ್ಲದಿದ್ದರೆ, ಅದೊಂದೇ ನೆಪದಲ್ಲಿ ಗಾಡಿಯ ನಷ್ಟದ ಹಣ ನಿಲ್ಲಿಸುವ ಹಾಗಿಲ್ಲ. ಆದರೆ ಆ ಮಾತು ಗಾಡಿಗೆ ಸಂಬಂಧಪಟ್ಟದ್ದು, ಹಿಂದೆ ಕೂತ ಜನರಿಗೆ ಅಲ್ಲ.

ಮೂರನೆಯದು ಗಾಡಿಯಲ್ಲಿ ಇರುವವರದ್ದು. ಮಾಲಿಕನೇ ಓಡಿಸುವಾಗ ಅವನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ಇದು ಮಾಲಿಕನಿಗೆ ಮಾತ್ರ, ಸಂಬಳದ ಡ್ರೈವರನಿಗೆ ಅಲ್ಲ. ಸಂಬಳದ ಡ್ರೈವರ್, ಕ್ಲೀನರ್ ಬಗ್ಗೆ ಐಎಂಟಿ 28 ಎಂಬ ಕಲಮು ಉಂಟು. ಒಬ್ಬರಿಗೆ ವರ್ಷಕ್ಕೆ 50 ರೂಪಾಯಿ ಮಾತ್ರ. ನಿಮ್ಮ ಪಾಲಿಸಿಯಲ್ಲಿ ಪ್ರೀಮಿಯಂ ಬರೆದ ಕಡೆ ಪೇಯ್ಡ್ ಡ್ರೈವರ್ ಎಂಬ ಸಾಲು ಉಂಟಾ, ಎಷ್ಟು ಜನ ಎಂದು ಬರೆದಿದ್ದಾರೆ ಎಂದು ನೋಡಿ. ಒಂದು ಚಾಯ, ಬನ್ಸಿನ ಖರ್ಚಿಗೆ ಈ ಸಾಲು ಬಿಟ್ಟು ಹೋಗಬಾರದು.

2. ಸರಕು ಗಾಡಿಯಲ್ಲಿ ಯಾರು ಕೂರಬಹುದು?

ಗಾಡಿಯ ಕೆಲಸಕ್ಕೆಂದೇ ಇರುವ ಡ್ರೈವರ್, ಕ್ಲೀನರ್ ಮತ್ತು ಸರಕಿನ ಮಾಲಿಕ ಅಥವಾ ಅವನ ಪರವಾಗಿ ಬರುವವ. ಅದೂ ಆರ್‌ಸಿಯಲ್ಲಿ ಎಷ್ಟು ಸೀಟು ಎಂದು ಬರೆದಿದೆಯೋ ಅಷ್ಟೇ, ಕ್ಯಾಬಿನ್ ಒಳಗೆ. ಪುಕ್ಕಟೆ ಹತ್ತಿದವರ ಹೊಣೆ ವಿಮಾ ಕಂಪೆನಿಗೆ ಇಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ ಕೂತ ಕೆಲಸದವನ ಬಗ್ಗೆಯೂ 2007ರಲ್ಲಿ, ಬೃಜ್ ಮೋಹನ್ ಪ್ರಕರಣದಲ್ಲಿ, ಕಂಪೆನಿಗೆ ಹೊಣೆ ಇಲ್ಲ ಎಂದೇ ಹೇಳಿತು. ಮೊದಲು ಕಂಪೆನಿ ಕೊಟ್ಟು ಆಮೇಲೆ ಮಾಲಿಕನಿಂದ ವಸೂಲಿ ಮಾಡಲಿ ಎಂದಿತು. ಅಂದರೆ ಸುತ್ತಿ ಬಂದು ಬೀಳುವುದು ನಮ್ಮ ತಲೆಗೇ.

ತೋಟದ ಕೆಲಸದವರನ್ನು ಕರೆತರಲು ಈಗ ನಾನು ಬಾಡಿಗೆ ಆಟೋ ಅಥವಾ ಜೀಪು ಹೇಳ್ತೇನೆ. ದಿನಕ್ಕೆ ಮುನ್ನೂರು, ನಾನ್ನೂರು ಹೋಗ್ತದೆ. ಪಂಪು, ಬ್ಯಾರಲ್ ಪಿಕಪ್‌ನಲ್ಲಿ, ಜನ ಆಟೋದಲ್ಲಿ.

3. ಟ್ರ್ಯಾಕ್ಟರ್, ಟ್ರೈಲರ್, ಬಿಳಿ ಬೋರ್ಡ್

ಕೃಷಿ ಟ್ರ್ಯಾಕ್ಟರ್ ಎಂದು ಕಡಿಮೆ ಪ್ರೀಮಿಯಂ ಕಟ್ಟಿ, ಪಕ್ಕದವರ ಮನೆ ಕಟ್ಟಲಿಕ್ಕೆ ಕಲ್ಲು, ಹೊಯ್ಗೆ ಬಾಡಿಗೆಗೆ ಹೊಡೆಯುವವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಆ ಹೊತ್ತಿಗೆ ಅಪಘಾತವಾದರೆ ಪಾಲಿಸಿಯಲ್ಲಿ ಬರೆದ ಉಪಯೋಗಕ್ಕೂ ಮಾಡಿದ ಕೆಲಸಕ್ಕೂ ತಾಳೆ ಆಗುವುದಿಲ್ಲ. ಟ್ರೈಲರ್‌ಗೂ ಪ್ರತ್ಯೇಕ ನೋಂದಣಿ, ಪಾಲಿಸಿಯಲ್ಲಿ ಅದರ ಹೆಸರು ಬೇಕು. ಬಿಳಿ ಬೋರ್ಡಿನ ಕಾರು, ಜೀಪನ್ನು ಬಾಡಿಗೆಗೆ ಬಿಟ್ಟರೂ ಇದೇ ಕಥೆ.

ಇನ್ನೊಂದು ವಿಷಯ ಪರ್ಮಿಟ್. ಒಟ್ಟು ತೂಕ 3,000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ. ಅದಕ್ಕಿಂತ ಮೇಲಿನದಕ್ಕೆ ಬೇಕು. ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಒಮ್ಮೆ ನೋಡಿ. ಎಫ್‌ಸಿ ಹೊಸ ಗಾಡಿಗೆ ಮೊದಲ ಎರಡು ವರ್ಷ, ನಂತರ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಓವರ್‌ಲೋಡ್‌ಗೆ ಕೇಂದ್ರ ಕಾನೂನಿನಲ್ಲಿ 20,000 ರೂಪಾಯಿ, ಹೆಚ್ಚಿದ ಪ್ರತಿ ಟನ್ನಿಗೆ ಮತ್ತೆ 2,000. ಗೊಬ್ಬರ ಎರಡು ಟ್ರಿಪ್ ಮಾಡುವುದೇ ಲಾಭ.

4. ಆರ್‌ಸಿ ಯಾರ ಹೆಸರಿನಲ್ಲಿ?

ಹಳೆ ಜೀಪು, ಪಿಕಪ್ ಮಾರಿ ದುಡ್ಡು ತಗೊಂಡ ಕೂಡಲೇ ಸಂಬಂಧ ಮುಗಿಯಿತು ಎಂದು ತಿಳಿಯುತ್ತೇವೆ. 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು: ಆರ್‌ಸಿಯಲ್ಲಿ ಯಾರ ಹೆಸರು ಉಂಟೋ ಅವನೇ ಮಾಲಿಕ, ಪರಿಹಾರದ ಹೊಣೆ ಅವನದ್ದೇ. ಗಾಡಿ ನಾಲ್ಕು ಕೈ ದಾಟಿ ಹೋಗಿದ್ದರೂ ಅಷ್ಟೆ. ಕೆಎ 19, ಕೆಎ 21, ಕೆಎ 70 ಯಾವುದೇ ಇರಲಿ, ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ. ಕೊಂಡವರು 14 ದಿನದೊಳಗೆ ಪಾಲಿಸಿಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕು. ಹೆಸರು ಬದಲಾದದ್ದನ್ನು ನೋಡಿಯೇ ಕೊನೆಯ ಕಂತಿನ ಲೆಕ್ಕ ಮುಗಿಸಿ.

5. ಡ್ರೈವರನ್ನು ಸೇರಿಸುವಾಗ

"ಅವ ಒಳ್ಳೆ ಬಿಡ್ತಾನೆ" ಎಂಬ ಮಾತು ಸಾಕಾಗುವುದಿಲ್ಲ. 2020ರ ನಿರ್ಮಲಾ ಕೊಠಾರಿ ಪ್ರಕರಣದಲ್ಲಿ ಮಾಲಿಕ ಏನು ಮಾಡಬೇಕು ಎಂದು ಸುಪ್ರೀಂ ಕೋರ್ಟು ಸರಳವಾಗಿ ಹೇಳಿದೆ. ಲೈಸೆನ್ಸ್ ಉಂಟಾ ಎಂದು ನೋಡಬೇಕು, ನೋಡಲು ಸರಿ ಕಾಣಬೇಕು, ಅವನಿಗೆ ಓಡಿಸಲು ಬರ್ತದಾ ಎಂದು ಖಾತ್ರಿ ಮಾಡಬೇಕು. ಇಷ್ಟು ಮಾಡಿದ ಮಾಲಿಕನಿಗೆ, ಆಮೇಲೆ ಲೈಸೆನ್ಸ್ ನಕಲಿ ಎಂದು ಗೊತ್ತಾದರೂ ರಕ್ಷಣೆ ಉಂಟು. ಈಗ ಪರಿವಾಹನ್ ತಾಣದಲ್ಲಿ ಲೈಸೆನ್ಸ್ ನಂಬರ್, ಜನ್ಮದಿನಾಂಕ ಹಾಕಿದರೆ ವಿವರ ಬರ್ತದೆ. ಅದರ ಪ್ರಿಂಟ್ ತೆಗೆದು ದಿನಾಂಕ ಬರೆದು ಫೈಲಿನಲ್ಲಿಡಿ. ನಾಳೆ ಸಾಕ್ಷಿ ಆಗುವುದು ಅದೇ.

ಕಾರಿನ ಲೈಸೆನ್ಸ್ ಇದ್ದವ ಪಿಕಪ್ ಓಡಿಸಬಹುದಾ ಎಂಬ ಗೊಂದಲ ಬಹಳ ವರ್ಷ ಇತ್ತು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಬಗೆಹರಿಸಿತು. ಎಲ್‌ಎಂವಿ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕೆಜಿ ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದು, ಬೇರೆ ಬ್ಯಾಡ್ಜ್ ಬೇಡ. ಟಿಪ್ಪರ್, ಲಾರಿಯಂಥ ದೊಡ್ಡದಕ್ಕೆ ಬೇಕೇ ಬೇಕು. ಸರಕು ಗಾಡಿಯ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಮುಗಿಯುವ ದಿನಾಂಕ ಡ್ರೈವರ್ ನೆನಪಿಡುವುದಿಲ್ಲ, ಮಾಲಿಕನೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಬೇಕು.

ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟರೆ ಮಾಲಿಕನಿಗೇ 5,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಎರಡೂ ಆದೀತು. ಹದಿನೆಂಟು ತುಂಬದ ಮಗನ ಕೈಗೆ ಕೊಟ್ಟರೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ತೋಟದೊಳಗೆ ಕಲಿಯಲಿ ಎಂದು ಟ್ರ್ಯಾಕ್ಟರ್ ಕೊಟ್ಟವರು ಗೇಟಿನ ಹೊರಗೆ ಬಾರದ ಹಾಗೆ ನೋಡಿಕೊಳ್ಳಿ.

6. ಸೇರಿಸಿದ ಮೇಲೆ ನಡೆಸಿಕೊಳ್ಳುವುದು

ಅಪಘಾತದ ನಂತರ ನಾವು ಕೆಲವು ನಿಯಮ ಮಾಡಿದ್ದೇವೆ. ಅರ್ಧ ನಿಯಮ ಡ್ರೈವರನಿಗೆ, ಅರ್ಧ ನನಗೆ.

ಟ್ರಿಪ್ ಲೆಕ್ಕದ ಸಂಬಳ ನಿಲ್ಲಿಸಿದೆವು. ಟ್ರಿಪ್‌ಗೆ ಇಷ್ಟು ಎಂದರೆ ಯಾರೂ ಗಡಿಬಿಡಿ ಮಾಡಿಯೇ ಮಾಡ್ತಾರೆ. ಈಗ ತಿಂಗಳ ಸಂಬಳ. ಕೆಲಸದ ಲೆಕ್ಕ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48.

ಲೋಡ್ ಹೆಚ್ಚಾಯಿತು, ಟಯರ್ ಸರಿ ಇಲ್ಲ, ಜನ ಬೇಡ ಎಂದು ಡ್ರೈವರ್ ಹೇಳಿದರೆ ಅದೇ ಕೊನೆಯ ಮಾತು. ಇದು ನನಗೆ ನಾನೇ ಹಾಕಿಕೊಂಡ ನಿಯಮ.

ಗಾಡಿ ಓಡುವಾಗ ನಾನು ಫೋನ್ ಮಾಡುವುದಿಲ್ಲ. ಮೊದಲು ಹತ್ತು ನಿಮಿಷಕ್ಕೊಮ್ಮೆ "ಎಲ್ಲಿಗೆ ಮುಟ್ಟಿದಿ?" ಎಂದು ಕೇಳ್ತಿದ್ದವ ನಾನೇ. ಮಾಲಿಕನ ಫೋನ್ ಬಂದರೆ ಅವನು ತೆಗೆಯದೆ ಇರ್ತಾನಾ?

ರಾತ್ರಿ ಇಡೀ ನೇಮ, ಆಟ, ಕಡಲಕೆರೆ ಕಂಬಳ ನೋಡಿದವ ಬೆಳಿಗ್ಗೆ ಗಾಡಿ ಹತ್ತುವುದು ಬೇಡ. ಸುಳ್ಳು ಹೇಳಿ ರಜೆ ಹಾಕುವ ಬದಲು ಮೊದಲೇ ಹೇಳಲಿ ಎಂದು ಅದಕ್ಕೆ ಸಂಬಳ ಕಡಿಯುವುದಿಲ್ಲ. ಕುಡಿದು ಬಂದರೆ ಮಾತ್ರ ಆ ದಿನವೇ ಮನೆಗೆ. ಚಾರ್ಮಾಡಿ ಘಾಟಿಯ ಕಡೆಯ ಲೋಡ್ ಹಗಲು ಮಾತ್ರ.

ಗೀರು, ತಗ್ಗು ಆದರೆ ಸಂಬಳದಲ್ಲಿ ಹಿಡಿಯುವುದಿಲ್ಲ. ಹಿಡಿದರೆ ಏನಾಗ್ತದೆ ಗೊತ್ತುಂಟಾ? ಗೀರನ್ನು ಮಾತ್ರವಲ್ಲ, ಬ್ರೇಕಿನ ಶಬ್ದವನ್ನೂ ಅಡಗಿಸ್ತಾರೆ. ಕಾಗದಪತ್ರ ಸರಿ ಇಲ್ಲದೆ ಬಿದ್ದ ದಂಡ ನನ್ನದು, ಬೆಲ್ಟ್ ಹಾಕದೆ, ಫೋನ್ ಹಿಡಿದು ಬಿದ್ದ ದಂಡ ಅವನದ್ದು.

ಕ್ಯಾಬಿನ್‌ನಲ್ಲಿ ಒಂದು ಪುಸ್ತಕ. ದಿನಾಂಕ, ಕಿಲೋಮೀಟರ್, ಎಲ್ಲಿಗೆ, ಯಾರು ಓಡಿಸಿದ್ದು, ಗಾಡಿಯಲ್ಲಿ ಏನು ತೊಂದರೆ ಎಂದು ಐದು ಕಲಮು. ಮೇ ಕೊನೆಯೊಳಗೆ ಟಯರ್, ವೈಪರ್, ಬ್ರೇಕ್ ಪರೀಕ್ಷೆ. ಟಯರಿನ ಚಡಿ 1.6 ಮಿಲಿಮೀಟರ್‌ಗಿಂತ ಸವೆಯಬಾರದು ಎಂದು ನಿಯಮ. ನಮ್ಮ ಮಳೆಗೆ ಅಲ್ಲಿಯ ತನಕ ಕಾಯಬಾರದು ಎಂದು ನನ್ನ ಅನುಭವ.

7. ಕೆಲಸದವರಿಗೆ ಬೇರೆ ವಿಮೆ

ಕೆಲಸದ ವೇಳೆ ಪೆಟ್ಟಾದರೆ ಮಾಲಿಕ ಪರಿಹಾರ ಕೊಡಬೇಕೆಂಬ ಕಾನೂನು ನಮ್ಮಲ್ಲಿ 1923ರಿಂದಲೇ ಉಂಟು. ಗಾಡಿಯ ಪಾಲಿಸಿಯಿಂದ ಎಲ್ಲಾ ಕೆಲಸದವರನ್ನೂ ನೋಡಿಕೊಳ್ಳಲು ಆಗುವುದಿಲ್ಲ. ಕಾಯಂ ಕೆಲಸದವರಿದ್ದರೆ ನೌಕರರ ಪರಿಹಾರದ ಪಾಲಿಸಿ ಪ್ರತ್ಯೇಕ ತೆಗೆದುಕೊಳ್ಳಬಹುದು. ಕೆಲಸದ ವಿಧ, ಜನರ ಸಂಖ್ಯೆ, ಸಂಬಳ ನೋಡಿ ಪ್ರೀಮಿಯಂ. ಮರ ಹತ್ತುವವರಿದ್ದರೆ ಅದನ್ನು ಅರ್ಜಿಯಲ್ಲಿ ಸ್ಪಷ್ಟ ಬರೆಯಿರಿ.

ಇದರ ಜೊತೆಗೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ. ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ, ಬ್ಯಾಂಕ್ ಖಾತೆಯಿಂದಲೇ ಕಡಿತ. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ. ಜೂನ್ 1ರಿಂದ ಮೇ 31ರ ತನಕ ಅವಧಿ. ಖಾತೆಯಲ್ಲಿ ಮೇ ಕೊನೆಗೆ ದುಡ್ಡಿಲ್ಲದಿದ್ದರೆ ತಪ್ಪಿ ಹೋಗ್ತದೆ. ನಾನು ನಮ್ಮ ಎಂಟು ಜನರ ಪಾಸ್‌ಬುಕ್ ಪ್ರತಿ ಮೇ ತಿಂಗಳಲ್ಲಿ ನೋಡ್ತೇನೆ. ಎಂಟು ಜನಕ್ಕೆ 160 ರೂಪಾಯಿ. ಆದರೆ ಇದು ಆಸ್ಪತ್ರೆ ಬಿಲ್ಲಿಗೆ ಅಲ್ಲ, ನೆನಪಿರಲಿ.

8. ಅಪಘಾತ ಆದರೆ

ಮೊದಲು ಮನುಷ್ಯ, ಆಮೇಲೆ ಗಾಡಿ. 108 ಅಥವಾ 112ಕ್ಕೆ ಫೋನ್. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸುವುದು, ಪೊಲೀಸರಿಗೆ ತಿಳಿಸುವುದು ಡ್ರೈವರನ ಕಾನೂನಿನ ಕರ್ತವ್ಯ. ಜನ ಸೇರಿ ಹೊಡೆಯುವ ಹೆದರಿಕೆ ಇದ್ದರೆ ಸೀದಾ ಠಾಣೆಗೆ ಹೋಗಲಿ, ಆದರೆ ಓಡಿ ಹೋಗಬಾರದು. ಇದನ್ನು ಮೊದಲೇ ಹೇಳಿ ಕೊಡಿ. 2025ರ ಮೇ 5ರಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದ ತನಕ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆಯ ಯೋಜನೆ ಬಂದಿದೆ. ನಮ್ಮ ಸಲಕ್ಕೆ ಅದು ಇರಲಿಲ್ಲ. ಆಸ್ಪತ್ರೆಗೆ ಸೇರಿಸುವಾಗಲೇ ಅದನ್ನು ಕೇಳಿ.

ಗಾಡಿ ಎಳೆಯುವ ಮೊದಲು ಎಲ್ಲಾ ಕಡೆಯಿಂದ ಫೋಟೊ. ಕಂಪೆನಿಗೆ ಅದೇ ದಿನ ಫೋನ್, ಜೊತೆಗೆ ಬರಹದಲ್ಲಿ ಪಾಲಿಸಿ ನಂಬರ್, ಸಮಯ, ಜಾಗ, ಗಾಯಾಳುವಿನ ವಿವರ, ಡ್ರೈವರನ ಹೆಸರು. ಸರ್ವೇಯರ್ ನೋಡುವ ಮೊದಲು ರಿಪೇರಿ ಬೇಡ. ಪರಿಹಾರದ ಅರ್ಜಿ ಹಾಕುವವರಿಗೆ ಈಗ ಅಪಘಾತದ ದಿನದಿಂದ ಆರು ತಿಂಗಳ ಅವಧಿ. ಮತ್ತೆ, ಡ್ರೈವರನ್ನು ಬದಲಿಸಿ ಬರೆಸುವುದು, ಇದ್ದವರನ್ನು ಇಲ್ಲ ಎನ್ನುವುದು ಬೇಡವೇ ಬೇಡ. ಸುಳ್ಳು ಹೇಳಿದವ ಮಾಲಿಕ, ಅನುಭವಿಸುವವ ಡ್ರೈವರ್.

ಈ ವಾರ ನೀವು ಮಾಡಬೇಕಾದದ್ದು

ಒಂದು ಹಾಳೆಯಲ್ಲಿ ನಿಮ್ಮ ಎಲ್ಲಾ ಗಾಡಿಗಳ ಹೆಸರು ಬರೆಯಿರಿ. ಎದುರಿಗೆ ಇನ್ಶೂರೆನ್ಸ್, ಎಫ್‌ಸಿ, ಎಮಿಷನ್, ಡ್ರೈವರನ ಲೈಸೆನ್ಸ್ ಮುಗಿಯುವ ದಿನಾಂಕ. ಪಾಲಿಸಿಯಲ್ಲಿ ಪೇಯ್ಡ್ ಡ್ರೈವರ್ ಸಾಲು, ಐಎಂಟಿ 23, ಟ್ರೈಲರ್ ಉಂಟಾ ಎಂದು ಗುರುತು ಹಾಕಿ. ರಿಪೇರಿ ಭಾಗದ ಪಾಲಿಸಿ ಮುಗಿದು 90 ದಿನ ದಾಟಿದರೆ ಕ್ಲೇಮು ಮಾಡದ ವರ್ಷಗಳ ರಿಯಾಯಿತಿ, ಅದು 50 ಶೇಕಡದ ತನಕ ಇರ್ತದೆ, ಪೂರ್ತಿ ಹೋಗ್ತದೆ. ಹಾಳೆಯನ್ನು ಅಂಗಳದ ಬಾಗಿಲ ಹಿಂದೆ ಅಂಟಿಸಿ.

ಕಾಲು ಮುರಿದವನು ಈಗ ನಡೆಯುತ್ತಾನೆ, ಆದರೆ ಮದ್ದು ಬಿಡುವ ಕೆಲಸಕ್ಕೆ ಹೋಗುವುದಿಲ್ಲ. ಜಾರುವ ತೋಟದಲ್ಲಿ ಪೈಪು ಎಳೆಯಲಿಕ್ಕೆ ಕಾಲು ಬಲ ಕೊಡುವುದಿಲ್ಲವಂತೆ. ನಮ್ಮಲ್ಲೇ ಸಸಿಗೆ ನೀರು ಬಿಡುವ ಕೆಲಸದಲ್ಲಿದ್ದಾನೆ, ಸಿಗುವುದು ಮೊದಲಿನ ಅರ್ಧ. ಡ್ರೈವರ್ ಇನ್ನೂ ನಮ್ಮಲ್ಲೇ ಇದ್ದಾನೆ. ಮೊನ್ನೆ ಪಿಕಪ್ ಹೊರಡುವಾಗ ದಾರಿಯಲ್ಲಿ ಪರಿಚಯದವರೊಬ್ಬರು ಕೈ ತೋರಿಸಿದರು. "ಕ್ಯಾಬಿನ್‌ನಲ್ಲಿ ಒಂದು ಸೀಟು ಖಾಲಿ ಉಂಟು, ಆದರೂ ಆಗುವುದಿಲ್ಲ ಅಣ್ಣಾ, ಬೇಜಾರು ಮಾಡಬೇಡಿ" ಎಂದು ಹೇಳಿ ಮುಂದೆ ಹೋದನಂತೆ. ಅವರು ನನಗೆ ಫೋನ್ ಮಾಡಿ ದೂರು ಹೇಳಿದರು. ಅವನು ಮಾಡಿದ್ದೇ ಸರಿ ಎಂದೆ.